ಯಾರು ಹೇಳಿದ್ದು? ಯಾವಾಗ ಹೇಳಿದ್ದು?

ಐಹೊಳೆಯ ಶಾಸನವಾಗಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ವಿಡಿಯೊ ಆಗಲಿ, ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಅವೇ. ಆ ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಬಹುದು. ಕಲಿಸಿದ್ದು ಉಳಿಯುತ್ತದೆ ಎಂಬುದಕ್ಕೆ ಈಗ ಪುರಾವೆಯೂ ಸಿಕ್ಕಿದೆ. ಮನಸ್ಸು ಮಾಡಬೇಕಾದದ್ದು ನಮ್ಮ ಶಾಲೆಗಳು.

ಡಿಸೆಂಬರ್ ಬಂತೆಂದರೆ ಐಹೊಳೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ರಾತ್ರಿಯಿಡೀ ಹಾಡು ಹೇಳುತ್ತ, ತೂಕಡಿಸುತ್ತ ಬಂದ ಮಕ್ಕಳು ನಿದ್ದೆಗಣ್ಣಲ್ಲೇ ಇಳಿಯುತ್ತಾರೆ. ದುರ್ಗ ಗುಡಿ ನೋಡಿ, ಲಾಡಖಾನ್ ಗುಡಿ ನೋಡಿ, ಬಿಸಿಲು ಏರುವ ಹೊತ್ತಿಗೆ ಮೇಗುತಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ. ಮೇಲೆ ಜೈನ ಬಸದಿ. ಕೆಳಗೆ ಮಲಪ್ರಭೆಯ ಬಯಲು.

ಬಸದಿಯ ಹೊರಗೋಡೆಯಲ್ಲಿ 19 ಸಾಲುಗಳ ಸಂಸ್ಕೃತ ಶಾಸನವಿದೆ. ಗೈಡ್ ಅಲ್ಲಿ ನಿಂತು ಹೇಳುತ್ತಾರೆ: ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿ ಉತ್ತರದ ಹರ್ಷವರ್ಧನನನ್ನು ಸೋಲಿಸಿದ ದಾಖಲೆ ಇದೇ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಕ್ರಿ.ಶ. 634. ಕವಿ ರವಿಕೀರ್ತಿ. ಒಂದು ಗ್ರೂಪ್ ಫೋಟೊ. ಮುಂದಿನ ನಿಲ್ದಾಣ ಪಟ್ಟದಕಲ್ಲು.

ಆ ಗುಂಪಿನಿಂದ ಒಬ್ಬಳು ಹುಡುಗಿ ಕೈಯೆತ್ತಿ, "ಸರ, ಇದನ್ನ ಬರದಾಂವ ಪುಲಿಕೇಶಿ ಕಡೆಯಾಂವನ ಅಲ್ರೀ? ತನ್ನ ರಾಜಾ ಗೆದ್ದ ಅಂತ ಬರೀದ ಇನ್ನೇನ ಬರೀತಾನ್ರೀ?" ಎಂದು ಕೇಳಿದರೆ ಏನು ಉತ್ತರ ಕೊಡಬೇಕು?

ಗದರಿಸಿ ಸುಮ್ಮನಾಗಿಸಬಹುದು. ಅಥವಾ ಅಲ್ಲೇ ಕಲ್ಲಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ಅವರ ಶಾಲಾ ಜೀವನದ ಅತಿ ಮುಖ್ಯ ಪಾಠವನ್ನು ಶುರುಮಾಡಬಹುದು.

## ಗೆದ್ದವನ ಕವಿ, ಸೋತವನ ಗೆಳೆಯ

ಹುಡುಗಿಯ ಅನುಮಾನ ಸರಿಯಾದದ್ದೇ. ರವಿಕೀರ್ತಿ ಪುಲಿಕೇಶಿಯ ಆಸ್ಥಾನಕ್ಕೆ ಸೇರಿದವನು. ಅರಸನ ಆಶ್ರಯದಲ್ಲಿದ್ದುಕೊಂಡೇ ಈ ಬಸದಿ ಕಟ್ಟಿಸಿದವನು. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ ಆತ್ಮವಿಶ್ವಾಸಿ. ಇಂಥವನೊಬ್ಬನ ಮಾತನ್ನೇ ನೆಚ್ಚಿ ಯುದ್ಧದ ಫಲಿತಾಂಶ ತೀರ್ಮಾನಿಸುವುದು ಹೇಗೆ?

ಒಬ್ಬನ ಮಾತು ಸಾಲದು ಎಂದಾದರೆ ಮಾಡಬೇಕಾದ ಕೆಲಸ ಒಂದೇ, ಇನ್ನೊಬ್ಬನನ್ನು ಹುಡುಕುವುದು. ಸಂಬಂಧವೇ ಇಲ್ಲದ ಇನ್ನೊಬ್ಬ ಸಿಕ್ಕರೆ ಒಳ್ಳೆಯದು. ಎದುರಾಳಿಗೆ ಹತ್ತಿರದವನೇ ಸಿಕ್ಕರೆ ಇನ್ನೂ ಒಳ್ಳೆಯದು.

ಅಂಥವನೊಬ್ಬ ಇದ್ದಾನೆ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಸುಮಾರು 641ರಲ್ಲಿ ಪುಲಿಕೇಶಿಯ ರಾಜ್ಯಕ್ಕೆ ಬಂದು ಹೋದ. ಆಮೇಲೆ ಕನೌಜಿನಲ್ಲಿ ಹರ್ಷನ ಅತಿಥಿಯಾಗಿ ಅಪಾರ ಗೌರವ ಪಡೆದ. ಹರ್ಷನನ್ನು ಮನಸಾರೆ ಮೆಚ್ಚಿದ. ಚೀನಾಕ್ಕೆ ಮರಳಿದ ಮೇಲೆ, 646ರಲ್ಲಿ ಸಿದ್ಧವಾದ ತನ್ನ ಗ್ರಂಥದಲ್ಲಿ ಆತ ದಾಖಲಿಸಿದ್ದು ಇದು: ಎಲ್ಲ ದಿಕ್ಕುಗಳಲ್ಲೂ ಜಯ ಕಂಡ ಹರ್ಷ, ತಾನೇ ಸೈನ್ಯ ನಡೆಸಿಕೊಂಡು ಬಂದರೂ ಈ ನಾಡಿನವರನ್ನು ಮಾತ್ರ ಬಗ್ಗಿಸಲಾರದೆ ಹೋದ.

ಹರ್ಷನ ಬಗ್ಗೆ ಸುಳ್ಳೇ ಇಂಥದ್ದೊಂದು ಮಾತು ಬರೆಯಬೇಕಾದ ಯಾವ ಕಾರಣವೂ ಈ ಯಾತ್ರಿಕನಿಗಿರಲಿಲ್ಲ. ಅವನ ಸಾಕ್ಷ್ಯಕ್ಕೆ ತೂಕ ಬಂದದ್ದು ಅದರಿಂದಲೇ.

ಇಲ್ಲಿಗೂ ಪಾಠ ಮುಗಿಯುವುದಿಲ್ಲ. ಇಬ್ಬರೂ ಹೇಳಿದ್ದು ಅಕ್ಷರಶಃ ಒಂದೇ ಅಲ್ಲ. ಯುದ್ಧದಲ್ಲಿ ಹರ್ಷನ ಆನೆಗಳು ಬಿದ್ದವು, ಅವನು ಕಳೆಗುಂದಿದ ಎನ್ನುವುದು ರವಿಕೀರ್ತಿ ಒಬ್ಬನೇ. ಹ್ಯೂಯೆನ್‌ತ್ಸಾಂಗ್ ಹೇಳುವುದು ಗೆಲ್ಲಲಾಗಲಿಲ್ಲ ಎಂದಷ್ಟೆ. ಹಾಗಾದರೆ ನಾವು ಧೈರ್ಯವಾಗಿ ಹೇಳಬಹುದಾದದ್ದು ಯಾವುದು? ಹರ್ಷನ ದಕ್ಷಿಣದ ದಂಡಯಾತ್ರೆಯನ್ನು ಚಾಲುಕ್ಯರು ತಡೆದರು. ಇದು ಗಟ್ಟಿ. ಆನೆಗಳ ಮಾತಿಗೆ ಇರುವುದು ಒಬ್ಬನೇ ಸಾಕ್ಷಿ, ಅವನೂ ಗೆದ್ದ ಕಡೆಯವನು. ಅದನ್ನು ಹಾಗೆಯೇ ಹೇಳಬೇಕು.

ಆಗ ಇನ್ನೊಬ್ಬ ಹುಡುಗ ಕೇಳಬಹುದು: ಹರ್ಷನ ಆಸ್ಥಾನದ ಬಾಣ ಏನು ಹೇಳುತ್ತಾನೆ? ಬಾಣನ 'ಹರ್ಷಚರಿತ' ಹರ್ಷನ ಆಳ್ವಿಕೆಯ ಆರಂಭದ ದಿನಗಳಲ್ಲೇ ನಿಂತುಬಿಡುತ್ತದೆ. ಈ ಯುದ್ಧದವರೆಗೆ ಅದು ಬರುವುದೇ ಇಲ್ಲ. ಬಾಣ ಹೇಳಲಿಲ್ಲ, ಆದ್ದರಿಂದ ಯುದ್ಧವೇ ನಡೆಯಲಿಲ್ಲ ಎಂದು ವಾದಿಸುವಂತಿಲ್ಲ. ಒಂದು ಆಧಾರದ ಮೌನಕ್ಕೆ ಅರ್ಥ ಕಟ್ಟುವ ಮುನ್ನ, ಅದು ಮಾತಾಡಬೇಕಿದ್ದ ಜಾಗ ಅದೇ ಹೌದೇ ಎಂದು ನೋಡಬೇಕು.

ಇಸವಿಯೂ ಅಷ್ಟೆ. ಯುದ್ಧ ನಡೆದದ್ದು 630ರ ದಶಕದ ಆಸುಪಾಸಿನಲ್ಲಿ ಎಂದು ಬಹುಕಾಲ ನಂಬಲಾಗಿತ್ತು. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು 619ರ ಒಂದು ತಾಮ್ರಪಟವನ್ನು ಓದಿದ ಮೇಲೆ, ಅದು 618–619ರ ಚಳಿಗಾಲದಲ್ಲೇ ನಡೆದಿರಬೇಕು ಎಂಬ ವಾದ ಬಲಗೊಂಡಿದೆ. ಹೊಸ ಆಧಾರ ಬಂದಾಗ ಹಳೆಯ ತೀರ್ಮಾನವನ್ನು ತಿದ್ದಿಕೊಳ್ಳುವುದು ಇತಿಹಾಸದ ಶಕ್ತಿ. ಈ ಮಾತನ್ನು ಮಕ್ಕಳು ಎಷ್ಟು ಬೇಗ ಕೇಳಿದರೆ ಅಷ್ಟು ಒಳ್ಳೆಯದು.

## ಬಾದಾಮಿ ಹೇಳುವುದೊಂದು, ಕಂಚಿ ಹೇಳುವುದೊಂದು

ಇನ್ನೂ ಸೊಗಸಾದ ಪಾಠ ಅದೇ ಶಾಸನದಲ್ಲಿದೆ. ಪುಲಿಕೇಶಿಯ ಸೈನ್ಯದ ಧೂಳಿಗೆ ಮಂಕಾದ ಪಲ್ಲವ ದೊರೆ ಕಂಚಿಯ ಕೋಟೆಯ ಹಿಂದೆ ಅಡಗಿದ ಎನ್ನುತ್ತಾನೆ ರವಿಕೀರ್ತಿ.

ಪಲ್ಲವರ ಕಾಶಾಕುಡಿ ತಾಮ್ರಪಟ ಬೇರೆಯೇ ಕತೆ ಹೇಳುತ್ತದೆ: ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ತನ್ನ ಮುಖ್ಯ ಶತ್ರುಗಳನ್ನು ನಾಶಮಾಡಿದ. ಶತ್ರು ಯಾರೆಂದು ಹೆಸರಿಸುವುದಿಲ್ಲ. ಅದೂ ಅಲ್ಲದೆ ಈ ತಾಮ್ರಪಟ ಎಂಟನೇ ಶತಮಾನದ್ದು, ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬರೆದದ್ದು.

ಇಬ್ಬರಲ್ಲಿ ಯಾರು ಸುಳ್ಳುಗಾರ ಎಂದು ಕೇಳಿದರೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಪುಳ್ಳಲೂರು ಎಲ್ಲಿದೆ ಎಂದು ಕೇಳಿದರೆ ಮುಂದೆ ಸಾಗುತ್ತದೆ. ನಕ್ಷೆ ತೆಗೆದರೆ ಅದು ಕಂಚಿಯ ಪಕ್ಕದಲ್ಲೇ ಸಿಗುತ್ತದೆ. ಆ ಶತ್ರು ಚಾಲುಕ್ಯರೇ ಆಗಿದ್ದರೆ, ಅವರು ಕಂಚಿಯ ಬಾಗಿಲವರೆಗೂ ಬಂದಿದ್ದರು ಎಂಬುದನ್ನು ಪಲ್ಲವರ ಹೊಗಳಿಕೆಯೇ ಒಪ್ಪಿಕೊಂಡಂತಾಯಿತು. ಇತ್ತ, ದೊರೆ ಕೋಟೆಯೊಳಗೆ ಸೇರಿಕೊಂಡ ಎನ್ನುವ ರವಿಕೀರ್ತಿ ಕೋಟೆ ಬಿತ್ತೆಂದು ಹೇಳುವುದಿಲ್ಲ. ಎರಡು ಬಡಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ನಡುವೆ ಒಂದು ಸಂಭವನೀಯ ಚಿತ್ರ ಮೂಡುತ್ತದೆ: ಚಾಲುಕ್ಯ ಸೈನ್ಯ ಕಂಚಿಯ ಸಮೀಪಕ್ಕೆ ಬಂತು, ಕಂಚಿಯನ್ನು ಹಿಡಿಯದೆ ಮರಳಿತು.

ಕಾಲದ ಪ್ರಶ್ನೆಯೂ ಇಲ್ಲಿದೆ. ಮೇಗುತಿಯ ಶಾಸನದಲ್ಲಿ ಪುಲಿಕೇಶಿ ಅಜೇಯ. ಆದರೆ ಅದು ಕೆತ್ತಿದ ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಗೆದ್ದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ. ಆ ಸೋಲನ್ನು ರವಿಕೀರ್ತಿ ಬಚ್ಚಿಟ್ಟನೆಂದು ದೂರುವಂತಿಲ್ಲ. ಅವನು ಬರೆದಾಗ ಅದು ನಡೆದೇ ಇರಲಿಲ್ಲ. ಯಾವ ದಾಖಲೆಯನ್ನೂ ಅದರ ತಾರೀಖಿನ ಜೊತೆಗೇ ಓದಬೇಕು.

ಮೇಗುತಿಯಿಂದ ಬಾದಾಮಿಯ ಬಂಡೆಗೆ ಒಂದೇ ದಿನದ ಪ್ರವಾಸ. ಇಂಥ ಪ್ರಯೋಗಶಾಲೆ ಜಗತ್ತಿನ ಎಷ್ಟು ಮಕ್ಕಳಿಗೆ ಇದ್ದೀತು?

> ಯಾವ ಮಾಹಿತಿಗೂ ನಾಲ್ಕು ಪ್ರಶ್ನೆ
>
> ಯಾರು ಹೇಳಿದ್ದು? ಬರೆದವರ ಹೆಸರು, ಕೆಲಸ, ಅವರಿಗೆ ಹಣ ಕೊಟ್ಟವರು.
>
> ಯಾವಾಗ, ಯಾರಿಗಾಗಿ ಹೇಳಿದ್ದು? ಘಟನೆಯ ದಿನವೇ? ನೂರು ವರ್ಷದ ಮೇಲೆಯೇ? ಮೆಚ್ಚಿಸಬೇಕಿದ್ದುದು ಯಾರನ್ನು?
>
> ಅವರಿಗೆ ಹೇಗೆ ಗೊತ್ತಾಯಿತು? ಕಣ್ಣಾರೆ ಕಂಡರೇ, ಕೇಳಿದರೇ, ಊಹಿಸಿದರೇ?
>
> ಬೇರೆಯವರು ಏನು ಹೇಳುತ್ತಾರೆ? ಮೊದಲನೆಯವರಿಗೆ ಸಂಬಂಧವಿಲ್ಲದ ಇನ್ನೊಬ್ಬರು ಒಪ್ಪುತ್ತಾರೆಯೇ?

## ಪಾಠವಿದೆ, ಪಟ್ಟಿಯಷ್ಟೇ ಉಳಿದಿದೆ

ನಮ್ಮ ರಾಜ್ಯದ 8ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಮೊದಲ ಪಾಠದ ಹೆಸರೇ 'ಆಧಾರಗಳು'. ಇತಿಹಾಸವನ್ನು ಇಲ್ಲಿಂದ ಶುರುಮಾಡಬೇಕೆಂದು ಯೋಚಿಸಿದವರಿಗೆ ಕೈಮುಗಿಯಬೇಕು.

ಆದರೆ ಪರೀಕ್ಷೆಯ ಹಾಳೆಗೆ ಬರುವ ಹೊತ್ತಿಗೆ ಆ ಪಾಠ ಪಟ್ಟಿಯಾಗಿರುತ್ತದೆ. ಆಧಾರಗಳಲ್ಲಿ ಎಷ್ಟು ವಿಧ? ಎರಡು: ಸಾಹಿತ್ಯ ಆಧಾರ, ಪುರಾತತ್ವ ಆಧಾರ. ಸಾಹಿತ್ಯದಲ್ಲಿ? ದೇಶೀಯ, ವಿದೇಶೀಯ. ಐಹೊಳೆ ಶಾಸನ ಬರೆದವರು? ರವಿಕೀರ್ತಿ. ಇಷ್ಟನ್ನು ತಪ್ಪಿಲ್ಲದೆ ಬರೆದ ಮಗುವಿಗೆ ಪೂರ್ತಿ ಅಂಕ. ರವಿಕೀರ್ತಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಯ ಬಗ್ಗೆ ಮಗು ಯೋಚಿಸುವುದೂ ಇಲ್ಲ.

ಪಟ್ಟಿ ಬಲ್ಲವರಿಗೂ ತೂಗಬಲ್ಲವರಿಗೂ ಇರುವ ಅಂತರವನ್ನು ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಚೆನ್ನಾಗಿ ತೋರಿಸಿತು. ಎಂಟು ಇತಿಹಾಸಕಾರರು, ಎಂಟು ಜಾಣ ಪ್ರೌಢಶಾಲಾ ವಿದ್ಯಾರ್ಥಿಗಳು. ಅಮೆರಿಕದ ಸ್ವಾತಂತ್ರ್ಯ ಸಮರದ ಮೊದಲ ಗುಂಡು ಹಾರಿದ 1775ರ ಲೆಕ್ಸಿಂಗ್ಟನ್ ಘಟನೆಯ ಬಗ್ಗೆ ಎಲ್ಲರಿಗೂ ಅವೇ ಕಾಗದಪತ್ರಗಳನ್ನು ಕೊಟ್ಟು, ಗಟ್ಟಿಯಾಗಿ ಯೋಚಿಸುತ್ತ ಓದಿ ಎಂದರು.

ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಶುರುಮಾಡಿ ಕೊನೆಯ ಸಾಲಿನವರೆಗೆ ಓದಿದರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಕಾಗದದ ಕೆಳಭಾಗಕ್ಕೆ, ಬರೆದವರ ಹೆಸರಿಗೆ. ಬ್ರಿಟಿಷ್ ಅಧಿಕಾರಿಯೇ, ಊರಿನವನೇ, ಯಾವ ತಾರೀಖು ಎಂದು ತಿಳಿದುಕೊಂಡ ಮೇಲೆಯೇ ಒಕ್ಕಣೆಗೆ ಬಂದರು. ಅವರಲ್ಲಿ ಹಲವರು ಆ ಕಾಲಘಟ್ಟದ ತಜ್ಞರೇ ಆಗಿರಲಿಲ್ಲ. ಘಟನೆಯ ವಿವರ ಅವರಿಗಿಂತ ವಿದ್ಯಾರ್ಥಿಗಳಿಗೇ ಹೆಚ್ಚು ನೆನಪಿದ್ದ ಸಂದರ್ಭಗಳೂ ಇದ್ದವು. ಅವರ ಕೈಯಲ್ಲಿದ್ದದ್ದು ವಿಧಾನ.

ಯಾವುದು ಹೆಚ್ಚು ನಂಬಿಕೆಗೆ ಅರ್ಹ ಎಂದು ಕೇಳಿದಾಗ ವಿದ್ಯಾರ್ಥಿಗಳು ಪಠ್ಯಪುಸ್ತಕದ ತುಣುಕನ್ನು ಮೇಲಿಟ್ಟರು. ಇತಿಹಾಸಕಾರರು ಅದನ್ನೇ ಕೆಳಗಿಟ್ಟರು.

## ಕರಾಚಿಯ ವಿಡಿಯೊ, ಮುರ್ಕಿಯ ಸಾವು

ಇದೆಲ್ಲ ಇತಿಹಾಸ ಓದುವವರ ಚಿಂತೆ ಎಂದು ಯಾರಿಗಾದರೂ ಅನಿಸಿದರೆ, 2018ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು.

ಆ ಬೇಸಿಗೆಯಲ್ಲಿ ದೇಶದ ಉದ್ದಗಲಕ್ಕೂ ಫೋನಿನಿಂದ ಫೋನಿಗೆ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಎಚ್ಚರಿಕೆ ಜೊತೆಗೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜನಜಾಗೃತಿಗೆಂದು ನಟಿಸಿ ಚಿತ್ರೀಕರಿಸಿದ ತುಣುಕು. ಕೊನೆಗೆ ಅವರು ಮಗುವನ್ನು ವಾಪಸು ತಂದುಬಿಟ್ಟು ಸಂದೇಶ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಮೆಗೆಂದು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಅವರ ಗುಂಪು ಮಾಡಿದ್ದ 'ಅಪರಾಧ' ಇಷ್ಟೇ: ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ತಂದಿತು.

ಆ ವಿಡಿಯೊ ನೋಡಿದವರು ದಡ್ಡರಾಗಿರಲಿಲ್ಲ. ಯಾರು ತೆಗೆದದ್ದು, ಎಲ್ಲಿ, ಯಾವಾಗ ಎಂದು ಕೇಳಬೇಕೆಂದು ಅವರಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ.

ಇದು ನಮ್ಮ ದೇಶವೊಂದರ ಕೊರತೆಯೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈನ್‌ಬರ್ಗ್ ತಂಡ ಅಮೆರಿಕದ 3,446 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಫೇಸ್‌ಬುಕ್ಕಿನ ಒಂದು ಮಸುಕು ವಿಡಿಯೊ ತೋರಿಸಿತು. ಅಮೆರಿಕದ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಅಕ್ರಮವಾಗಿ ಮತಪತ್ರ ತುಂಬುತ್ತಿದ್ದಾರೆ ಎಂಬ ಒಕ್ಕಣೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಬಲವಾದ ಸಾಕ್ಷ್ಯ ಎಂದರು. ಆ ವಿಡಿಯೊ ರಷ್ಯಾದ್ದು. ಮಕ್ಕಳ ಕೈಯಲ್ಲಿ ಇಂಟರ್ನೆಟ್ ಇತ್ತು, ಹುಡುಕಲು ಅನುಮತಿಯೂ ಇತ್ತು. ಮೂಲವನ್ನು ಪತ್ತೆ ಹಚ್ಚಿದವರು ಮೂರೇ ಮೂವರು.

## ಪುಟ ಬಿಟ್ಟು ಹೊರಗೆ ಹೋಗಿ

ಪರದೆಯ ಮೇಲೆ ಓದುವುದಕ್ಕೆ ಬೇರೆಯದೇ ಅಭ್ಯಾಸ ಬೇಕು ಎಂಬುದು ಅದೇ ತಂಡದ 2017ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಹತ್ತು ಇತಿಹಾಸಕಾರರು, ಹತ್ತು ಮಂದಿ ಸುದ್ದಿಸಂಸ್ಥೆಗಳ ಫ್ಯಾಕ್ಟ್‌ಚೆಕರ್‌ಗಳು, ಸ್ಟ್ಯಾನ್‌ಫರ್ಡಿನ 25 ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಟನೆಗಳ ಜಾಲತಾಣಗಳನ್ನು ತೋರಿಸಿ, ಯಾವುದು ನಂಬಲರ್ಹ ಎಂದು ಕೇಳಲಾಯಿತು. ಒಂದು, 60 ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಹಳೆಯ ವೃತ್ತಿಸಂಸ್ಥೆ. ಇನ್ನೊಂದು, 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಹೆಸರುಗಳು ಹತ್ತಿರ ಹತ್ತಿರ. ಎರಡೂ ತಾಣಗಳು ನೋಡಲು ಅಚ್ಚುಕಟ್ಟು.

ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಮೋಸಹೋದರು. ಕಾಗದದ ಮುಂದೆ ಚಾಣಾಕ್ಷರಾದ ಇತಿಹಾಸಕಾರರಲ್ಲೂ ಹಲವರು ಎಡವಿದರು. ಅವರೆಲ್ಲ ಅದೇ ಪುಟದಲ್ಲಿ ಉಳಿದು, ಮೇಲಿಂದ ಕೆಳಗೆ ಓದಿ, ಲೋಗೊ ನೋಡಿ, ಭಾಷೆ ನೋಡಿ ಅಳೆಯುತ್ತಿದ್ದರು.

ಫ್ಯಾಕ್ಟ್‌ಚೆಕರ್‌ಗಳು ಪುಟದಲ್ಲಿ ನಿಲ್ಲಲೇ ಇಲ್ಲ. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕಿ, ಸ್ವಲ್ಪ ಹೊತ್ತಿನಲ್ಲೇ ನಿಜ ಕಂಡುಕೊಂಡರು. ಅಪರಿಚಿತನ ಬಗ್ಗೆ ಅವನನ್ನೇ ಕೇಳದೆ ಅಕ್ಕಪಕ್ಕದವರನ್ನು ವಿಚಾರಿಸುವ ಈ ಕ್ರಮಕ್ಕೆ ಸಂಶೋಧಕರು 'ಅಡ್ಡ ಓದು' ಎಂಬರ್ಥದ ಹೆಸರಿಟ್ಟರು. ಹೆಣ್ಣು ಕೊಡುವ ಮುನ್ನ ಗಂಡಿನ ಊರಿಗೆ ಹೋಗಿ ನೆರೆಹೊರೆಯವರಲ್ಲಿ ವಿಚಾರಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ.

> ದೀಪಾವಳಿಯ ಆ ಫೋಟೊ
>
> ಪ್ರತಿ ದೀಪಾವಳಿಗೂ ಒಂದು ಚಿತ್ರ ಬರುತ್ತದೆ: ಬಣ್ಣಬಣ್ಣದ ಬೆಳಕಿನಲ್ಲಿ ಹೊಳೆಯುವ ಭಾರತ, "ದೀಪಾವಳಿ ರಾತ್ರಿ ನಾಸಾ ತೆಗೆದದ್ದು" ಎಂಬ ಬರಹ. ನಿಜವಾಗಿ ಅದನ್ನು ರೂಪಿಸಿದ್ದು ಅಮೆರಿಕದ 'ನೋವಾ' ಸಂಸ್ಥೆಯ ವಿಜ್ಞಾನಿ. ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಜೋಡಿಸಿ, 1992, 1998, 2003ರಲ್ಲಿ ಕಾಣಿಸಿಕೊಂಡ ದೀಪಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟ ಚಿತ್ರ ಅದು. ತೋರಿಸುವುದು ನಗರಗಳ ಬೆಳವಣಿಗೆಯನ್ನು. ನಾಸಾ 2012ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.
>
> ತರಗತಿಯಲ್ಲಿ ಮಾಡಿಸಲು ಇದಕ್ಕಿಂತ ಸುಲಭದ ಅಭ್ಯಾಸವಿಲ್ಲ. ಚಿತ್ರದ ಮೂಲ ಹುಡುಕಲು ಒಂದು ಫೋನು, ಹತ್ತು ನಿಮಿಷ ಸಾಕು.

## ಒಂದು ಗಂಟೆ ಸಾಲದು, ಹದಿನಾಲ್ಕು ವಾರ ಸಾಕು

ಇದನ್ನು ಕಲಿಸಲು ಸಾಧ್ಯವೇ? ಉತ್ತರ ದೂರದಲ್ಲಿಲ್ಲ.

ಪಕ್ಕದ ಕೇರಳದ ಕಣ್ಣೂರು ಜಿಲ್ಲೆ 2018ರಲ್ಲೇ ಹೆಜ್ಜೆ ಇಟ್ಟಿತ್ತು. ದಡಾರ–ರುಬೆಲ್ಲಾ ಲಸಿಕೆಯ ಬಗ್ಗೆ ಹಬ್ಬಿದ ವದಂತಿಗಳಿಗೆ ಹೆದರಿ ಪೋಷಕರು ಹಿಂಜರಿದದ್ದನ್ನು ಕಂಡ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ, ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೆ' ಎಂಬ ತರಗತಿ ಆರಂಭಿಸಿದರು. ಸುದ್ದಿ ಎಂದರೇನು, ವದಂತಿ ಹೇಗೆ ಹುಟ್ಟುತ್ತದೆ, ನಾವೇಕೆ ನಂಬುತ್ತೇವೆ ಎಂಬುದೇ ಪಠ್ಯ.

ಅಳೆದು ನೋಡಿದ ಪುರಾವೆ ಬಂದದ್ದು ಬಿಹಾರದಿಂದ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ರಾಜ್ಯಶಾಸ್ತ್ರಜ್ಞೆ ಸುಮಿತ್ರಾ ಬದ್ರಿನಾಥನ್ ಅಲ್ಲಿ 1,224 ಮಂದಿಯೊಂದಿಗೆ ಪ್ರಯೋಗ ನಡೆಸಿದರು. ಸುಮಾರು ಒಂದು ಗಂಟೆಯ ತರಬೇತಿ, ದೊಡ್ಡವರಿಗೆ. ಒಟ್ಟಾರೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಸಹೋದ್ಯೋಗಿಗಳ ಜೊತೆ ಸೇರಿ, ಬಿಹಾರ ಸರ್ಕಾರದ ನೆರವಿನಿಂದ 583 ಹಳ್ಳಿಗಳ 13,500ಕ್ಕೂ ಹೆಚ್ಚು ಹದಿಹರೆಯದ ಮಕ್ಕಳನ್ನು ಒಳಗೊಂಡ ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. ಈ ಬಾರಿ ಹದಿನಾಲ್ಕು ವಾರಗಳಲ್ಲಿ ನಾಲ್ಕು ತರಗತಿ. ತರಬೇತಿ ಪಡೆದ ಮಕ್ಕಳು ನಿಜ–ಸುಳ್ಳು ಬೇರ್ಪಡಿಸುವುದರಲ್ಲಿ ಮುಂದಾದರು. ಯಾವ ಮೂಲವನ್ನು ನಂಬಬೇಕೆಂಬ ಅವರ ಆಯ್ಕೆಯೂ ಸುಧಾರಿಸಿತು. ತಿಂಗಳುಗಳ ನಂತರ ಮತ್ತೆ ಪರೀಕ್ಷಿಸಿದಾಗ ಕಲಿತದ್ದು ಉಳಿದಿತ್ತು. ಇನ್ನೂ ಸಂತಸದ ಸಂಗತಿ: ತರಗತಿಗೆ ಕಾಲಿಡದ ಅಪ್ಪ ಅಮ್ಮಂದಿರಲ್ಲೂ ಬದಲಾವಣೆ ಕಂಡಿತು.

ಒಂದು ಉಪನ್ಯಾಸ, ಒಂದು ಪೋಸ್ಟರ್, ಒಂದು ದಿನಾಚರಣೆ ಕೆಲಸಕ್ಕೆ ಬಾರದು. ಚಿಕ್ಕ ವಯಸ್ಸಿನಲ್ಲಿ, ಗುಂಪಿನಲ್ಲಿ, ವಾರಗಟ್ಟಲೆ ಮಾಡಿದ ಅಭ್ಯಾಸ ಬೇರೂರುತ್ತದೆ. ಅಂಥ ಜಾಗ ಸಮಾಜದಲ್ಲಿ ಒಂದೇ ಇದೆ, ಅದು ಶಾಲೆ.

## ಅನುಮಾನಿಸುವುದು ಸುಲಭ, ತೂಗುವುದು ಕಷ್ಟ

ಇಲ್ಲೊಂದು ಎಚ್ಚರ ಬೇಕು. ಎಲ್ಲವನ್ನೂ ಅನುಮಾನಿಸಿ ಎಂದು ಮಾತ್ರ ಕಲಿಸಿದರೆ, ಎಲ್ಲರೂ ಸುಳ್ಳು ಹೇಳುವವರೇ ಎಂಬ ತೀರ್ಮಾನಕ್ಕೆ ಮಕ್ಕಳು ಬರುತ್ತಾರೆ. ಯಾರನ್ನೂ ನಂಬದವನನ್ನು ಯಾರು ಬೇಕಾದರೂ ಕೊಂಡೊಯ್ಯಬಹುದು. ರವಿಕೀರ್ತಿ ಆಸ್ಥಾನಕವಿ ಎಂಬ ಕಾರಣಕ್ಕೆ ಶಾಸನವನ್ನೇ ತಳ್ಳಿಹಾಕಿದ್ದರೆ, ಏಳನೇ ಶತಮಾನದ ಕರ್ನಾಟಕದ ಅರ್ಧ ಇತಿಹಾಸವನ್ನೇ ಕಳೆದುಕೊಳ್ಳುತ್ತಿದ್ದೆವು.

ಎಲ್ಲ ಅಭಿಪ್ರಾಯಗಳಿಗೂ ಸಮ ತೂಕ ಎನ್ನುವುದೂ ತಪ್ಪೇ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲೂ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ನಡೆಯಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ. ಹೆದರಿಸುವ ಸಂದೇಶಗಳು ಇಲ್ಲೂ ಹರಿದಾಡಿದವು. ಒಂದು ಕಡೆ ದಶಕಗಳ ಕಾಲ ಹಲವು ದೇಶಗಳಲ್ಲಿ ಪರೀಕ್ಷೆಗೊಳಗಾದ ಲಸಿಕೆ, ಇನ್ನೊಂದು ಕಡೆ ಹೆಸರಿಲ್ಲದ ಧ್ವನಿಮುದ್ರಿಕೆ. ಇವೆರಡನ್ನೂ 'ಎರಡು ದೃಷ್ಟಿಕೋನ' ಎಂದು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ. ಭಿನ್ನ ದೃಷ್ಟಿಗೆ ಜಾಗವಿರುವುದು ಆಧಾರಗಳು ನಿಜಕ್ಕೂ ಭಿನ್ನವಾಗಿರುವಲ್ಲಿ, ಅಥವಾ ಒಂದೇ ಸಂಗತಿ ಬೇರೆ ಬೇರೆ ಜನರ ಬದುಕನ್ನು ಬೇರೆ ಬೇರೆಯಾಗಿ ತಟ್ಟುವಲ್ಲಿ.

ಊರಿಗೊಂದು ಅಣೆಕಟ್ಟು ಬಂದರೆ ನೀರು ಪಡೆದ ರೈತನ ಮಾತೂ ನಿಜ, ಮನೆ ಮುಳುಗಿದವನ ಮಾತೂ ನಿಜ. ಅಣೆಕಟ್ಟಿನ ಎತ್ತರ ಎಷ್ಟು ಎಂಬುದಕ್ಕೆ ಮಾತ್ರ ಎರಡು ಉತ್ತರವಿಲ್ಲ. ಈ ಎರಡು ಬಗೆಯ ಪ್ರಶ್ನೆಗಳನ್ನು ಬೇರ್ಪಡಿಸಬಲ್ಲ ವಿದ್ಯಾರ್ಥಿ ಅರ್ಧ ದಾರಿ ಗೆದ್ದಂತೆ.

## ವಾಲಿಯ ಮಾತು, ರಾಮನ ಮಾತು

ಎದುರಿನವರ ಮಾತನ್ನು ಒಳಹೊಕ್ಕು ನೋಡುವ ತರಬೇತಿಯನ್ನು ಹೊರಗಿನಿಂದ ತರಬೇಕಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತಾಳಮದ್ದಳೆ ನೋಡಿದವರಿಗೆ ಇದು ಗೊತ್ತು.

ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆಯ ಪೆಟ್ಟು, ಎದುರುಬದುರು ಕೂತ ಅರ್ಥಧಾರಿಗಳು. ವಾಲಿವಧೆ ಪ್ರಸಂಗದಲ್ಲಿ ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೂ ನನಗೂ ಏನು ವೈರ? ಎದುರು ನಿಂತು ಹೋರಾಡದೆ ಇದೆಂಥ ಧರ್ಮ? ರಾಮ ಉತ್ತರಿಸಲೇಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಬೇಡವೇ ಎಂದು ಮರುಪ್ರಶ್ನಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಆ ವಾದಸರಣಿಯನ್ನು ನೆನೆಯುತ್ತಾರೆ.

ಇಂದು ವಾಲಿಯಾದ ಅರ್ಥಧಾರಿ ನಾಳೆ ರಾಮನಾಗಬಹುದು. ತನ್ನದೇ ನಿನ್ನೆಯ ವಾದಕ್ಕೆ ಇಂದು ಉತ್ತರ ಕೊಡಬೇಕಾಗಬಹುದು. ತರಗತಿಯಲ್ಲೂ ಹೀಗೇ ಮಾಡಿಸಬಹುದು. ಚೀಟಿ ಎತ್ತಿ ಪಕ್ಷ ಹಂಚಿ. ಒಂದು ಗುಂಪು ಬಾದಾಮಿಯ ಕಡೆ, ಇನ್ನೊಂದು ಕಂಚಿಯ ಕಡೆ. ಮುಂದಿನ ವಾರ ಪಕ್ಷ ಬದಲು. ಆಧಾರವಿಲ್ಲದೆ ಮಾತಾಡುವಂತಿಲ್ಲ ಎಂಬ ಒಂದೇ ನಿಯಮ.

ಇದಕ್ಕೆ ನಮ್ಮ ಶಾಸ್ತ್ರ ಪರಂಪರೆಯ ಪೂರ್ವಪಕ್ಷದ ಕ್ರಮವನ್ನೂ ಸೇರಿಸಬಹುದು. ಉತ್ತರ ಕೊಡುವ ಮುನ್ನ ಎದುರಾಳಿಯ ವಾದವನ್ನು ಅವನೇ ತಲೆದೂಗುವಂತೆ ಹೇಳಿ ತೋರಿಸಬೇಕು. ಗೇಲಿ ಮಾಡಿ ಗೆಲ್ಲುವ ಟಿ.ವಿ. ಚರ್ಚೆಗಳನ್ನು ನೋಡಿ ಬೆಳೆಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ.

> 1976ರ ಎರಡು ಹೆಜ್ಜೆ
>
> ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂಬ 51ಎ(ಎಚ್) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದು 1976ರ 42ನೇ ತಿದ್ದುಪಡಿ.
>
> ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿ ದೇಶದ ಗಮನ ಸೆಳೆದರು. ಜನರ ಬಳಿಗೆ ವಿಜ್ಞಾನ ಒಯ್ದ ಬೆಂಗಳೂರು ಸೈನ್ಸ್ ಫೋರಂ ಅನ್ನು ಅವರು 1962ರಲ್ಲೇ ಹುಟ್ಟುಹಾಕಿದ್ದರು.

## ಜಗಳ ಪುಸ್ತಕದ್ದು, ಮರೆತದ್ದು ಓದುವ ಬಗೆಯನ್ನು

ಸರ್ಕಾರ ಬದಲಾದಂತೆ ಪಠ್ಯ ಬದಲಾಗುವುದನ್ನು ಕರ್ನಾಟಕ ಕಂಡಿದೆ. ಬರಗೂರು ರಾಮಚಂದ್ರಪ್ಪ ಸಮಿತಿಯ ಪಠ್ಯಗಳು, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರಲ್ಲಿ ಮತ್ತೆ ತಿದ್ದುಪಡಿ. ಪ್ರತಿ ಸಲವೂ ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂಬ ಕಾವೇರಿದ ಚರ್ಚೆ. ಆ ಚರ್ಚೆ ಬೇಕು. ಆದರೆ ಯಾವ ಪಠ್ಯ ಬಂದರೂ ಅದನ್ನು ಮಗು ಹೇಗೆ ಓದಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಆಧಾರ ಕೇಳಬಲ್ಲ ಮಗುವಿಗೆ ಯಾವ ಪಂಥದ ಪುಸ್ತಕವೂ ಸುಲಭವಾಗಿ ಮೋಸ ಮಾಡಲಾರದು.

ಈಗ ಹೊಸದೊಂದು ಸೇರಿದೆ. ಹೋಂವರ್ಕಿನ ಪ್ರಶ್ನೆಯನ್ನು ಎಐ ಚಾಟ್‌ಬಾಟ್‌ಗೆ ಹಾಕಿದರೆ ಕ್ಷಣಾರ್ಧದಲ್ಲಿ ನಯವಾದ ಕನ್ನಡದಲ್ಲಿ ಉತ್ತರ. ಅನೇಕ ಸಲ ಅದು ಸರಿಯೂ ಇರುತ್ತದೆ. ಕೆಲವೊಮ್ಮೆ ಇಲ್ಲದ ಪುಸ್ತಕ, ಆಡದ ಮಾತುಗಳನ್ನೂ ಅಷ್ಟೇ ನಯವಾಗಿ ಕೊಡುತ್ತದೆ. ರವಿಕೀರ್ತಿ ತನ್ನ ಹೆಸರನ್ನೂ ತಾರೀಖನ್ನೂ ಕಲ್ಲಿನಲ್ಲಿ ಕೊಟ್ಟಿದ್ದ. ಈ ಉತ್ತರಕ್ಕೆ ಅವೆರಡೂ ಇರುವುದಿಲ್ಲ. ನಾಲ್ಕು ಪ್ರಶ್ನೆಗಳ ಅಗತ್ಯ ಇದರಿಂದ ಇನ್ನಷ್ಟು ಹೆಚ್ಚಿದೆ.

ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಪಾಠಗಳನ್ನು ಮುಗಿಸುವ ಒತ್ತಡ, ಫಲಿತಾಂಶದ ಒತ್ತಡ. ಸೂಕ್ಷ್ಮ ವಿಷಯದಲ್ಲಿ ಎರಡೂ ಕಡೆಯ ಆಧಾರ ಓದಿಸಿದರೆ ನಾಳೆ ಶಾಲೆಯ ಮುಂದೆ ಗುಂಪು ಸೇರೀತೆಂಬ ಭಯ. ಆದ್ದರಿಂದಲೇ ಆರಂಭ ದೂರದ ಕಾಲದಿಂದ ಆಗುವುದು ಜಾಣತನ. ಪುಲಿಕೇಶಿ, ಮಹೇಂದ್ರವರ್ಮರ ಜಗಳಕ್ಕೆ ಇಂದು ಯಾರೂ ಬೀದಿಗಿಳಿಯುವುದಿಲ್ಲ. ಅಲ್ಲಿ ಪಳಗಿದ ಬುದ್ಧಿ ಇಂದಿನ ಬಿಸಿ ಪ್ರಶ್ನೆಗಳ ಮುಂದೆಯೂ ಕೈಕೊಡುವುದಿಲ್ಲ.

ಇಲಾಖೆ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಹೆಚ್ಚು ಖರ್ಚಿಲ್ಲ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ, ಮಕ್ಕಳು ಹಿಂದೆಂದೂ ನೋಡಿರದ ಎರಡು ಚಿಕ್ಕ ಆಧಾರಗಳನ್ನು ಕೊಟ್ಟು, ಎಲ್ಲಿ ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ, ಯಾವುದನ್ನು ಎಷ್ಟು ನಂಬುತ್ತೀರಿ, ಏಕೆ ಎಂದು ಕೇಳಲಿ. ಅಂಕ ತೀರ್ಮಾನಕ್ಕಲ್ಲ, ಕೊಟ್ಟ ಕಾರಣಕ್ಕೆ. ಪರೀಕ್ಷೆಯಲ್ಲಿ ಬರುತ್ತದೆ ಎಂದಾದರೆ ಊರೂರಿನ ತರಗತಿಗಳಲ್ಲಿ ಅಭ್ಯಾಸ ತಾನಾಗಿ ಶುರುವಾಗುತ್ತದೆ.

ಶಿಕ್ಷಕರು ಅಲ್ಲಿಯವರೆಗೆ ಕಾಯಬೇಕಿಲ್ಲ. ಜೂನಿನಲ್ಲಿ 8ನೇ ತರಗತಿಯವರ ಕೈಗೆ 'ಆಧಾರಗಳು' ಪಾಠ ಬರುತ್ತದೆ. ವಿಧಗಳ ಪಟ್ಟಿ ಬರೆಸುವ ಮೊದಲು ರವಿಕೀರ್ತಿಯ ಮಾತು, ಹ್ಯೂಯೆನ್‌ತ್ಸಾಂಗನ ಮಾತು, ಕಾಶಾಕುಡಿ ತಾಮ್ರಪಟದ ಮಾತು, ಮೂರನ್ನೂ ಹಲಗೆಯ ಮೇಲೆ ಬರೆಯಲಿ. ಮಕ್ಕಳು ವಾದ ಮಾಡಲಿ, ನಕ್ಷೆ ನೋಡಲಿ, ಮನಸ್ಸು ಬದಲಿಸಿಕೊಳ್ಳಲಿ. ಏಕೆ ಬದಲಿಸಿಕೊಂಡೆ ಎಂದು ಹೇಳಲು ಕಲಿಯಲಿ. ಹಾಗೆ ಕಲಿತ ಮಗು ಬೆಳೆದು ದೊಡ್ಡವನಾದ ಮೇಲೆ, ಅವನ ಫೋನಿಗೆ ಬಂದ ಸುಳ್ಳೊಂದು ಮುಂದಿನ ಫೋನಿಗೆ ಹೋಗದೆ ಅಲ್ಲೇ ಸಾಯುತ್ತದೆ. ಅದರಿಂದ ಒಂದು ಜೀವ ಉಳಿದರೂ ಆ ಪಾಠಕ್ಕೆ ಕೊಟ್ಟ ವಾರಗಳು ಸಾರ್ಥಕ.